ಎಸ್‌ಐಪಿ, ಸಾರಿನ ಪುಡಿ, ಸೋರುವ ತಾರಸಿ: ಮೂರನ್ನೂ ಒಂದೇ ಕ್ಯಾಲೆಂಡರಿಗೆ ತರುವ ಬಗೆ

ಸಂಬಳದ ಮನೆಗಳಲ್ಲಿ ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹೋಗುವ ಕಂತು, ಯಾವಾಗ ನಿಲ್ಲುತ್ತದೆ ಗೊತ್ತಾ? ಷೇರುಪೇಟೆ ಬಿದ್ದಾಗ ಅಂತ ಎಲ್ಲರೂ ಹೇಳುತ್ತಾರೆ. ನಾನು ಕಂಡಂತೆ ಜೂನ್‌ನಲ್ಲಿ ನಿಲ್ಲುತ್ತದೆ. ಮೇ ಕೊನೆಗೆ ಶಾಲೆಯ ಫೀಸು. ಮೊದಲ ಮಳೆಗೇ ತಾರಸಿ ಸೋರಿ ಹಾಲ್‌ನ ಸೀಲಿಂಗ್ ಮೇಲೆ ಕಂದು ಕಲೆ. ಅದರ ಬೆನ್ನಿಗೆ ವರಮಹಾಲಕ್ಷ್ಮಿ, ಗೌರಿ ಗಣೇಶ. "ಎರಡು ತಿಂಗಳು ನಿಲ್ಲಿಸೋಣ ರೀ, ಆಮೇಲೆ ಶುರು ಮಾಡಿದರಾಯ್ತು" ಅನ್ನುವ ಮಾತು ಬರುತ್ತದೆ. ಆಮೇಲೆ ದಸರಾ ಬರುತ್ತದೆ, ದೀಪಾವಳಿ ಬರುತ್ತದೆ, ಎಸ್‌ಐಪಿ ಮಾತ್ರ ವಾಪಸ್ ಬರುವುದಿಲ್ಲ.

ಇದರಲ್ಲಿ ಯಾವುದು ದಿಢೀರ್ ಖರ್ಚು ಹೇಳಿ? ಮಳೆ ವರ್ಷಾ ವರ್ಷಾ ಜೂನ್‌ಗೇ ಬರುತ್ತದೆ. ಹಬ್ಬದ ತಾರೀಖು ಪಂಚಾಂಗದಲ್ಲೇ ಇರುತ್ತದೆ. ಹಾಗಾಗಿ ಹೂಡಿಕೆ ಉಳಿಸಿಕೊಳ್ಳಬೇಕಾದರೆ ಫಂಡ್ ಆರಿಸುವುದಕ್ಕಿಂತ ಮೊದಲು ಮನೆಯ ಖರ್ಚಿಗೆ ತಾರೀಖು ಹಾಕಬೇಕು. ಅಡುಗೆಮನೆ, ರಿಪೇರಿ, ಹೂಡಿಕೆ ಮೂರೂ ಒಂದೇ ಹಾಳೆಯ ಮೇಲೆ ಬರಬೇಕು. ಅದನ್ನು ಮಾಡುವುದು ಹೇಗೆ ಅಂತ ಕೆಳಗೆ ಒಂದೊಂದಾಗಿ ಬರೆದಿದ್ದೇನೆ.

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ಮೈಸೂರಿನಂಥ ಊರು. 30x40 ಸೈಟಿನಲ್ಲಿ ಅಪ್ಪ ಕಟ್ಟಿಸಿದ 10 ಚದರದ, ಅಂದರೆ 1,000 ಚದರಡಿಯ ಹಳೇ ಮನೆ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಜೊತೆಗೆ ಅಜ್ಜಿ. ಬಾಡಿಗೆ ಇಲ್ಲ, ಮನೆ ಸಾಲ ತೀರಿದೆ. ತಿಂಗಳಿಗೆ ಕೈಗೆ ಬರುವುದು 75,000 ರೂಪಾಯಿ. ನಿಮ್ಮ ಅಂಕಿ ಬೇರೆ ಇರುತ್ತದೆ, ಕ್ರಮ ಇದೇ.

ಹಂತ 1: ವರ್ಷಕ್ಕೊಮ್ಮೆ ಬರುವ ಖರ್ಚನ್ನೆಲ್ಲ ಬರೆಯಿರಿ

ಗೋಡೆಗೆ ನೇತುಹಾಕುವ ದೊಡ್ಡ ಕ್ಯಾಲೆಂಡರ್ ಸಾಕು. ಹೋದ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ತಿಂಗಳ ದಿನಸಿ-ಹಾಲು-ಪೆಟ್ರೋಲ್ ಬಿಟ್ಟು ಉಳಿದ ದೊಡ್ಡ ಖರ್ಚುಗಳನ್ನು ಆಯಾ ತಿಂಗಳ ಕೆಳಗೆ ಬರೆಯಿರಿ. ನಮ್ಮ ಉದಾಹರಣೆ ಮನೆಯಲ್ಲಿ ಅದು ಹೀಗಿರುತ್ತದೆ:

- ಏಪ್ರಿಲ್: ಮನೆ ಕಂದಾಯ 6,000. ನಮ್ಮ ನಗರಗಳಲ್ಲಿ ಸಾಮಾನ್ಯವಾಗಿ ಏಪ್ರಿಲ್ ಒಳಗೆ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಇರುತ್ತದೆ, ಬಿಡಬೇಡಿ.
- ಮೇ-ಜೂನ್: ಶಾಲೆಯ ಫೀಸು, ಪುಸ್ತಕ, ಯೂನಿಫಾರಂ 80,000
- ಆರೋಗ್ಯ ವಿಮೆಯ ಕಂತು 25,000
- ಗಾಡಿ ಇನ್ಶೂರೆನ್ಸ್, ಸರ್ವಿಸ್ 15,000
- ಹಬ್ಬ, ಬಟ್ಟೆ 30,000
- ಜನವರಿಯಿಂದ ಏಪ್ರಿಲ್: ಅಡುಗೆಮನೆಯ ವರ್ಷದ ದಾಸ್ತಾನು 18,000
- ಮನೆ ರಿಪೇರಿ 36,000
- ಮದುವೆ-ಮುಂಜಿ ಉಡುಗೊರೆ, ಊರಿಗೆ ಓಡಾಟ 20,000

ಒಟ್ಟು 2,30,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 19,200. ಸಂಬಳದ ಕಾಲು ಭಾಗ! ಇದನ್ನು ಕಂಡ ಮೇಲೆ "ನಮ್ಮ ಹತ್ತಿರ ದುಡ್ಡೇ ನಿಲ್ಲಲ್ಲ" ಅನ್ನುವುದಕ್ಕೆ ಕಾರಣ ಸಿಗುತ್ತದೆ.

ರಿಪೇರಿಗೆ 36,000 ಹೇಗೆ ಬಂತು ಅಂತ ಕೇಳಬಹುದು. ಹಳೇ ಮನೆಗೆ ಚದರಡಿಗೆ ತಿಂಗಳಿಗೆ 3 ರೂಪಾಯಿ ಅಂತ ನಾನು ಹಿಡಿಯುತ್ತೇನೆ. ಇದು ಯಾವ ಶಾಸ್ತ್ರವೂ ಅಲ್ಲ, ಕೈ ಅಂದಾಜು. ಕೆಲವು ವರ್ಷ ಅಷ್ಟು ಖರ್ಚಾಗುವುದಿಲ್ಲ, ಮುಂದಿನ ವರ್ಷ ಮೋಟರ್ ಸುಟ್ಟು ಲೆಕ್ಕ ಸರಿ ಮಾಡುತ್ತದೆ.

ಹಂತ 2: ಮೂರು ಅಕೌಂಟ್, ಮೂರು ಕೆಲಸ

ಸಂಬಳ ಬರುವ ಅಕೌಂಟಿನಲ್ಲೇ ಎಲ್ಲ ಇಟ್ಟುಕೊಂಡರೆ ಯಾವ ದುಡ್ಡು ಯಾವುದಕ್ಕೆ ಅಂತ ತಿಳಿಯುವುದಿಲ್ಲ. ಸಂಬಳ ಬಂದ ಮರುದಿನವೇ ತಾನೇ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟುಬಿಡಿ. ಮನೆ ಖರ್ಚಿನ ಅಕೌಂಟಿಗೆ 32,000. ವರ್ಷದ ಖರ್ಚಿನ ಅಕೌಂಟಿಗೆ 19,200. ಹೂಡಿಕೆಗೆ 15,000. ಉಳಿದ 8,800 ಗಂಡ-ಹೆಂಡತಿಯ ಕೈಖರ್ಚು. ಈ ಕೊನೆಯದಕ್ಕೆ ಒಬ್ಬರು ಇನ್ನೊಬ್ಬರಿಗೆ ಲೆಕ್ಕ ಒಪ್ಪಿಸಬೇಕಿಲ್ಲ. ಅರ್ಧ ಜಗಳ ಅಲ್ಲೇ ಕಮ್ಮಿಯಾಗುತ್ತದೆ.

ಯುಪಿಐ ಆ್ಯಪನ್ನು ಮನೆ ಖರ್ಚಿನ ಅಕೌಂಟಿಗೆ ಮಾತ್ರ ಜೋಡಿಸಿ. ವರ್ಷದ ಖರ್ಚಿನ ಅಕೌಂಟಿಗೆ ಜೋಡಿಸಲೇಬೇಡಿ. ಸ್ಕ್ಯಾನ್ ಮಾಡಲು ಸಿಗುವ ದುಡ್ಡು ನಿಲ್ಲುವುದಿಲ್ಲ.

ಹಂತ 3: ಹೂಡಿಕೆ, ಆದರೆ ಕ್ರಮವಾಗಿ

ಎಸ್‌ಐಪಿಗಿಂತ ಮೊದಲು ಎರಡು ಕೆಲಸ ಆಗಿರಬೇಕು. ಒಂದು, ಇಡೀ ಮನೆಗೆ ಆರೋಗ್ಯ ವಿಮೆ, ದುಡಿಯುವವರಿಗೆ ಟರ್ಮ್ ಇನ್ಶೂರೆನ್ಸ್ (ಅವರು ತೀರಿಕೊಂಡರೆ ಮನೆಯವರಿಗೆ ದುಡ್ಡು ಬರುವ ಜೀವ ವಿಮೆ). ಇನ್ನೊಂದು, ಆರು ತಿಂಗಳ ಮನೆ ಖರ್ಚು, ಅಂದರೆ ಇಲ್ಲಿ ಸುಮಾರು 2 ಲಕ್ಷ, ಎಫ್‌ಡಿಯಲ್ಲೋ, ಬೇಕೆಂದಾಗ ಬೇಗ ವಾಪಸ್ ತೆಗೆಯಬಹುದಾದ ಲಿಕ್ವಿಡ್ ಫಂಡ್‌ನಲ್ಲೋ. ಅದು ತುಂಬುವವರೆಗೆ ಆ 15,000ದಲ್ಲಿ ದೊಡ್ಡ ಪಾಲು ಇಲ್ಲಿಗೇ ಹೋಗಲಿ.

ಆಮೇಲೆ ದುಡ್ಡನ್ನು ಯಾವಾಗ ಬೇಕು ಅನ್ನುವುದರ ಮೇಲೆ ವಿಂಗಡಿಸಿ. ಮೂರು ವರ್ಷದೊಳಗೆ ಬೇಕಾದ ದುಡ್ಡು ಆರ್‌ಡಿ, ಎಫ್‌ಡಿಯಲ್ಲಿರಲಿ. ಷೇರಿನ ಫಂಡಿಗೆ ಹಾಕಬಾರದು. 2020ರ ಜನವರಿಯಲ್ಲಿ 12,300ರ ಮೇಲಿದ್ದ ಷೇರುಪೇಟೆಯ ಸೂಚ್ಯಂಕ ನಿಫ್ಟಿ ಮಾರ್ಚ್ 23ರ ಹೊತ್ತಿಗೆ 7,600ರ ಆಸುಪಾಸಿಗೆ ಬಂದಿತ್ತು. ಎರಡು ತಿಂಗಳಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಕರಗಿತು. ಕಾದವರಿಗೆ ವಾಪಸ್ ಬಂತು. ಆದರೆ ಮಾರ್ಚ್‌ನಲ್ಲೇ ಟೈಲ್ಸ್ ಅಂಗಡಿಗೆ ದುಡ್ಡು ಕೊಡಬೇಕಿದ್ದವರು ಹೇಗೆ ಕಾಯುತ್ತಾರೆ?

ಹತ್ತು ಹದಿನೈದು ವರ್ಷದ ದುಡ್ಡಿಗೆ ಒಂದು ಇಂಡೆಕ್ಸ್ ಫಂಡು (ನಿಫ್ಟಿಯಂಥ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಫಂಡು) ಮತ್ತು ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ಎರಡೇ ಸಾಕು ಅನ್ನುವವನು ನಾನು. ಫಂಡ್ ತೆಗೆದುಕೊಳ್ಳುವಾಗ 'ಡೈರೆಕ್ಟ್' ಅಂತ ಇರುವುದನ್ನೇ ಆರಿಸಿ. 2013ರ ಜನವರಿಯಿಂದ ಈ ಸೌಲಭ್ಯ ಇದೆ, ಮಧ್ಯವರ್ತಿಯ ಕಮಿಷನ್ ಇರುವುದಿಲ್ಲ. ತಿಂಗಳಿಗೆ 5,000ದಂತೆ 15 ವರ್ಷ ಕಟ್ಟಿದರೆ ನಿಮ್ಮ ಕೈಯಿಂದ ಹೋಗುವುದು 9 ಲಕ್ಷ. ಸರಾಸರಿ ಶೇ 10 ಬೆಳೆದರೆ ಅದು 21 ಲಕ್ಷದ ಹತ್ತಿರ ಬರುತ್ತದೆ. ಬೆಳೆಯುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ, ಅದಕ್ಕೇ ಪಿಪಿಎಫ್ ಜೊತೆಗಿರಬೇಕು.

ಪಿಪಿಎಫ್‌ಗೆ ವರ್ಷಕ್ಕೆ ಕನಿಷ್ಠ 500, ಹೆಚ್ಚೆಂದರೆ 1.5 ಲಕ್ಷ. ಅವಧಿ 15 ವರ್ಷ. ಬಡ್ಡಿ 2020ರ ಏಪ್ರಿಲ್‌ನಲ್ಲಿ ಶೇ 7.1ಕ್ಕೆ ಇಳಿದು, ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿತು. ಇಲ್ಲೊಂದು ಸಣ್ಣ ಗುಟ್ಟಿದೆ. ತಿಂಗಳ 5ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಕನಿಷ್ಠ ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕುತ್ತಾರೆ. 6ನೇ ತಾರೀಖು ಕಟ್ಟಿದರೆ ಆ ದುಡ್ಡಿಗೆ ಆ ತಿಂಗಳ ಬಡ್ಡಿ ಹೋಯ್ತು. ಮಾರ್ಚ್ ಕೊನೆಗೆ ಓಡಿಹೋಗಿ 1.5 ಲಕ್ಷ ಕಟ್ಟುವವರಿಗೂ ಏಪ್ರಿಲ್ 5ರೊಳಗೆ ಕಟ್ಟುವವರಿಗೂ ಶೇ 7.1ರಲ್ಲಿ ವರ್ಷಕ್ಕೆ 10,650 ರೂಪಾಯಿ ವ್ಯತ್ಯಾಸ. ಹತ್ತು ವರ್ಷದ ಒಳಗಿನ ಹೆಣ್ಣುಮಗು ಮನೆಯಲ್ಲಿದ್ದರೆ ಸುಕನ್ಯಾ ಸಮೃದ್ಧಿಯನ್ನೂ ನೋಡಿ. ಅಂಚೆ ಕಚೇರಿಯಲ್ಲಿ 250 ರೂಪಾಯಿಗೆ ಖಾತೆ ತೆರೆಯುತ್ತದೆ.

ಇನ್ನು ದೂರ ಇರಬೇಕಾದವು. ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ಈಗ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ "ಅಡುಗೆ ಮಾಡ್ತಾ ಮಾಡ್ತಾ ದಿನಕ್ಕೆ ಎರಡು ಸಾವಿರ ದುಡಿಯಿರಿ" ಅಂತ ಮೆಸೇಜ್ ಬರುತ್ತವೆ. ಅದರಲ್ಲಿ ಬಹಳಷ್ಟು ಆಪ್ಷನ್ಸ್ ಟ್ರೇಡಿಂಗ್, ಅಂದರೆ ಬೆಲೆ ಏರುತ್ತದೋ ಇಳಿಯುತ್ತದೋ ಅಂತ ಪಣ ಕಟ್ಟುವಂಥ ಷೇರುಪೇಟೆ ವ್ಯವಹಾರ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನ ನೋಡಿ. 2021-22ರಿಂದ ಮೂರು ವರ್ಷದಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ ಶೇ 93ರಷ್ಟು ಮಂದಿ ಕಳೆದುಕೊಂಡಿದ್ದಾರೆ. ಸರಾಸರಿ ನಷ್ಟ ತಲೆಗೆ ಸುಮಾರು 2 ಲಕ್ಷ. ಪೇಟೆ ತೆರೆಯುವುದು ಬೆಳಿಗ್ಗೆ 9.15ಕ್ಕೆ. ತಿಂಡಿ, ಡಬ್ಬಿ, ಶಾಲೆ ಬಸ್ಸು ಎಲ್ಲ ಮುಗಿದು ಸ್ವಲ್ಪ ಕೂರುವ ಹೊತ್ತು ಅದು. ಆ ಹೊತ್ತಿಗೆ ಕಾಫಿ ಕುಡಿಯಿರಿ, ಒಳ್ಳೇದು.

ಇನ್ನೊಂದು ನಮ್ಮ ಊರುಗಳದೇ ಕಾಯಿಲೆ. ಒಂದೂವರೆ ಪರ್ಸೆಂಟ್ ಜಾಸ್ತಿ ಬಡ್ಡಿ ಅಂತ ಪತ್ತಿನ ಸಹಕಾರ ಸಂಘದಲ್ಲಿ ಜೀವಮಾನದ ದುಡ್ಡಿಡುವುದು. ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರವರಿಯವರೆಗೆ ಅದು ಬರೀ 1 ಲಕ್ಷ ಇತ್ತು. ಪತ್ತಿನ ಸಂಘಗಳಿಗೆ ಆ ವಿಮೆ ಇಲ್ಲ. ಬೋರ್ಡಿನ ಮೇಲೆ 'ಬ್ಯಾಂಕ್' ಅಂತ ಇದೆಯೋ 'ಸಂಘ ನಿಯಮಿತ' ಅಂತ ಇದೆಯೋ ಓದಿ. ಚೀಟಿ ಹಾಕುವವರು ನೋಂದಣಿ ಇರುವಲ್ಲಿ ಮಾತ್ರ ಹಾಕಿ. ಪಕ್ಕದ ಮನೆ ಆಂಟಿಯ ಚೀಟಿ ಎಷ್ಟೇ ನಂಬಿಕೆಯದಾದರೂ ಎಸ್‌ಐಪಿಯ ಜಾಗ ಅದಕ್ಕಿಲ್ಲ.

ಹಂತ 4: ಅಡುಗೆಮನೆ

ಹೆಚ್ಚು ಮನೆಗಳಲ್ಲಿ ದಿನಸಿ ಬಿಲ್ ನೋಡಿ ಗಾಬರಿಯಾಗುತ್ತಾರೆ. ದುಡ್ಡು ಸೋರುವುದು ಬೇರೆ ಕಡೆ. ವಾರಕ್ಕೆ ಎರಡು ಸಲ ಸುಸ್ತಾಗಿ ಹೊರಗಿನಿಂದ ತರಿಸುವ ಊಟ, ಒಂದು ಸಲಕ್ಕೆ 450 ಅಂದರೂ ತಿಂಗಳಿಗೆ 3,900. ಹೊರಗಿನ ಊಟ ಬೇಡ ಅಂತ ನಾನು ಹೇಳುವುದಿಲ್ಲ. ಭಾನುವಾರ ಎಲ್ಲರೂ ಹೋಗಿ ಮಸಾಲೆದೋಸೆ ತಿನ್ನುವುದು ಒಂದು ಖುಷಿ. ಬುಧವಾರ ರಾತ್ರಿ ಏನೂ ತೋಚದೆ ತರಿಸುವುದು ಬೇರೆ. ಆ ಬುಧವಾರಕ್ಕೆ ಬೇಕಾದ್ದು ಮನೆಯಲ್ಲಿ ಮೊದಲೇ ಮಾಡಿಟ್ಟ ಒಂದೆರಡು ಜಾಡಿ.

ಮೊದಲನೆಯದು ಪುಳಿಯೋಗರೆ ಗೊಜ್ಜು. 100 ಗ್ರಾಂ ಹುಣಸೆಹಣ್ಣನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಗಟ್ಟಿ ರಸ ತೆಗೆಯಿರಿ. ಎರಡು ದೊಡ್ಡ ಚಮಚ ಧನಿಯ, ಒಂದು ಚಿಕ್ಕ ಚಮಚ ಜೀರಿಗೆ, ಒಂದು ಚಿಕ್ಕ ಚಮಚ ಮೆಣಸು, ಅರ್ಧ ಚಿಕ್ಕ ಚಮಚ ಮೆಂತ್ಯ, ಹನ್ನೆರಡು ಬ್ಯಾಡಗಿ, ನಾಲ್ಕು ಗುಂಟೂರು ಮೆಣಸಿನಕಾಯಿ, ಇಷ್ಟನ್ನೂ ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿದು ಪುಡಿ ಮಾಡಿ. ಮೆಂತ್ಯ ಕಪ್ಪಾದರೆ ಗೊಜ್ಜು ಪೂರ್ತಿ ಕಹಿ, ಅಲ್ಲಿ ಮಾತ್ರ ಹುಷಾರು. ಬಾಣಲೆಗೆ ಅರ್ಧ ಬಟ್ಟಲು ಕಡಲೆಕಾಯಿ ಎಣ್ಣೆ, ಸಾಸಿವೆ, ಇಂಗು, ಕರಿಬೇವು, ಅರಿಶಿನ. ಹುಣಸೆ ರಸ, ಉಪ್ಪು, 100 ಗ್ರಾಂ ಬೆಲ್ಲ ಹಾಕಿ ಕುದಿಸಿ. ರಸ ಅರ್ಧಕ್ಕಿಳಿದ ಮೇಲೆ ಪುಡಿ ಹಾಕಿ ತಿರುವುತ್ತಿರಿ. ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಾಗ ಇಳಿಸಿ. ಪೂರ್ತಿ ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಕೊಬ್ಬರಿ, ಹುರಿದ ಎಳ್ಳಿನ ಪುಡಿ, ಕಡಲೆಕಾಯಿ ಬೀಜವನ್ನು ಅನ್ನ ಕಲಸುವಾಗ ಹಾಕಿ. ಗೊಜ್ಜಿಗೇ ಸೇರಿಸಿಟ್ಟರೆ ಬೇಗ ಕಮಟು ವಾಸನೆ ಬರುತ್ತದೆ. ಹಸಿ ಚಮಚ ತಾಗಿಸದಿದ್ದರೆ ತಿಂಗಳು ಬಾಳುತ್ತದೆ. ಅನ್ನ ಆಗುವಷ್ಟು ಹೊತ್ತಲ್ಲಿ ಊಟ ರೆಡಿ. ಆ್ಯಪಿನ ಹುಡುಗ ಗೇಟಿಗೆ ಬರುವುದಕ್ಕಿಂತ ಬೇಗ.

ಇದರ ಜೊತೆಗೆ ಸಾರಿನ ಪುಡಿ, ಚಟ್ನಿಪುಡಿ, ಫ್ರಿಜ್‌ನಲ್ಲಿ ದೋಸೆ ಹಿಟ್ಟು ಇದ್ದರೆ ವಾರದ ನಾಲ್ಕು ರಾತ್ರಿ ದಾಟುತ್ತವೆ. ತರಿಸುವ ಊಟ ಅರ್ಧಕ್ಕಿಳಿದರೆ ತಿಂಗಳಿಗೆ 2,000ದ ಹತ್ತಿರ ಉಳಿಯುತ್ತದೆ. ಆದರೆ 'ಉಳಿಯಿತು' ಅಂದುಕೊಂಡು ಸುಮ್ನೆ ಬಿಟ್ಟರೆ ಅದು ಇನ್ನೆಲ್ಲೋ ಖರ್ಚಾಗುತ್ತದೆ. ಎಸ್‌ಐಪಿಯನ್ನು ಅದೇ ತಿಂಗಳು 2,000 ಏರಿಸಿಬಿಡಿ. ಶೇ 10ರ ಲೆಕ್ಕದಲ್ಲಿ 15 ವರ್ಷಕ್ಕೆ 8 ಲಕ್ಷ ದಾಟುತ್ತದೆ.

ಇನ್ನು ಸುಗ್ಗಿಯ ಕೊಳ್ಳುವಿಕೆ. ಅಜ್ಜಿಯಂದಿರಿಗೆ ಇದು ಬಾಯಿಪಾಠ. ತೊಗರಿ ಹೊಸದು ಬರುವುದು ಡಿಸೆಂಬರ್-ಜನವರಿಗೆ, ಕಲಬುರಗಿ ಕಡೆಯಿಂದ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ರಾಶಿ ಬೀಳುವುದು ಜನವರಿಯಿಂದ ಮಾರ್ಚ್‌ವರೆಗೆ. ಹುಣಸೆ ಫೆಬ್ರವರಿ-ಮಾರ್ಚ್. ಉಪ್ಪಿನಕಾಯಿ ಮಾವು, ಸಂಡಿಗೆ-ಹಪ್ಪಳದ ಬಿಸಿಲು ಮಾರ್ಚ್-ಏಪ್ರಿಲ್. ಇವನ್ನು ವರ್ಷಕ್ಕಾಗುವಷ್ಟು ಕೊಳ್ಳಿ. ಮೆಣಸಿನಕಾಯಿ ತೊಟ್ಟಿನ ಸಮೇತ ಎರಡು ಬಿಸಿಲು ಕಾಣಿಸಿ ಗಾಳಿಯಾಡದ ಡಬ್ಬಕ್ಕೆ. ಹುಣಸೆ ಬೀಜ-ನಾರು ತೆಗೆದು ಉಪ್ಪು ಬೆರೆಸಿ ಪಿಂಗಾಣಿ ಜಾಡಿಗೆ. ತೊಗರಿಬೇಳೆಗೆ ಒಂದಿಷ್ಟು ಹರಳೆಣ್ಣೆ ಸವರಿ ಬಿಸಿಲಿಗೆ ಹಾಕಿಟ್ಟರೆ ಹುಳ ಬೀಳುವುದಿಲ್ಲ. ಹೊಸ ಅಕ್ಕಿ ಅನ್ನ ಮುದ್ದೆಯಾಗುತ್ತದೆ, ಅದನ್ನು ಕೊಂಡು ಆರು ತಿಂಗಳು ಹಳತು ಮಾಡಲು ಜಾಗ ಇದ್ದವರು ಮಾತ್ರ ಮೂಟೆ ತರಲಿ.

ನಿಜ ಹೇಳಬೇಕೆಂದರೆ ಇದರಲ್ಲಿ ಉಳಿಯುವ ದುಡ್ಡು ಬಹಳ ದೊಡ್ಡದಲ್ಲ. ಒಳ್ಳೆ ಸಾಮಾನು ಸಿಗುತ್ತದೆ, ಮಳೆಗಾಲದ ಬೆಲೆಯೇರಿಕೆ ಮುಟ್ಟುವುದಿಲ್ಲ, ಅಷ್ಟೇ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ದಾಟಿತಲ್ಲ, ಹುಣಸೆ ಜಾಡಿ ಇದ್ದ ಮನೆಗಳಲ್ಲಿ ಗೊಜ್ಜು, ಮೆಂತ್ಯದ ಹುಳಿ, ಮಜ್ಜಿಗೆಹುಳಿಯಲ್ಲಿ ತಿಂಗಳು ಕಳೆಯಿತು. ಎಣ್ಣೆ, ಹಿಟ್ಟು, ಕೊಬ್ಬರಿಯನ್ನು ಮಾತ್ರ ವರ್ಷಕ್ಕೆ ಕೊಳ್ಳಬೇಡಿ, ಕೆಡುತ್ತವೆ. 'ಒಂದಕ್ಕೊಂದು ಫ್ರೀ' ಅಂತ ತಂದ ಮಸಾಲೆ ಪ್ಯಾಕೆಟ್ಟುಗಳ ಕಥೆ ನಿಮಗೇ ಗೊತ್ತು.

ಹಂತ 5: ಮನೆ ಕೆಲಸ, ಯಾವುದು ಮೊದಲು

ಮನೆಗೆ ಹಾಕುವ ದುಡ್ಡನ್ನೆಲ್ಲ 'ಇನ್ವೆಸ್ಟ್‌ಮೆಂಟ್' ಅನ್ನುವ ಅಭ್ಯಾಸ ನಮ್ಮಲ್ಲಿದೆ. ಹೊಸ ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್, ಟಿವಿ ಗೋಡೆಯ ಪ್ಯಾನೆಲ್ ಇವೆಲ್ಲ ಖರ್ಚು. ಖುಷಿಯ ಖರ್ಚು, ಮಾಡಬಾರದು ಅಂತೇನಿಲ್ಲ. ಆದರೆ ಸಾಲಿನಲ್ಲಿ ಹಿಂದೆ ನಿಲ್ಲಬೇಕು. ಮೊದಲು ನೀರು ಮತ್ತು ಕರೆಂಟು: ಸೋರುವ ತಾರಸಿ, ಬಿರುಕು ಬಿಟ್ಟ ಸಂಪ್, ಹಳೇ ವೈರಿಂಗ್. ಆಮೇಲೆ ದಿನದ ದುಡಿಮೆ ಕಮ್ಮಿ ಮಾಡುವ ಕೆಲಸ: ಅಡುಗೆ ಕಟ್ಟೆಯ ಎತ್ತರ, ಸಿಂಕ್, ಬೆಳಕು. ಅಂದ ಕೊನೆಗೆ.

ತಾರಸಿ ಕೆಲಸಕ್ಕೆ ಕ್ಯಾಲೆಂಡರ್‌ನಲ್ಲಿ ಮಾರ್ಚ್-ಏಪ್ರಿಲ್ ಬರೆಯಿರಿ. ಜೂನ್‌ನಲ್ಲಿ ಫೋನ್ ಮಾಡಿದರೆ ಮೇಸ್ತ್ರಿ ಸಿಗುವುದಿಲ್ಲ, ಸಿಕ್ಕರೂ ಒದ್ದೆ ತಾರಸಿ ಮೇಲೆ ಯಾವ ಕೋಟಿಂಗೂ ಹಿಡಿಯುವುದಿಲ್ಲ. ಮೊದಲು ಎಲ್ಲಿ ಸೋರುತ್ತಿದೆ ಅಂತ ನೀವೇ ಪತ್ತೆಮಾಡಿ. ಆರ್‌ಸಿಸಿ ತಾರಸಿಯಾದರೆ ಗುಡಿಸಿ, ಮಳೆನೀರಿನ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಒಂದೆರಡು ಅಂಗುಲ ನೀರು ನಿಲ್ಲಿಸಿ. ಎರಡು ದಿನ ಬಿಡಿ. ಒಳಗೆ ಸೀಲಿಂಗ್‌ನಲ್ಲಿ ಒದ್ದೆ ಕಂಡಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಫೋಟೊ ತೆಗೆಯಿರಿ. ಮರದ ತೊಲೆಯ ಹಳೇ ಮದ್ರಾಸ್ ತಾರಸಿಗೆ ಈ ಪರೀಕ್ಷೆ ಬೇಡ, ಭಾರ ತಡೆಯಲಾರದು. ಸಾಮಾನ್ಯವಾಗಿ ತೊಂದರೆ ಇರುವುದು ಮೂರು ಕಡೆ: ಮೋಟುಗೋಡೆ ತಾರಸಿಗೆ ಸೇರುವ ಮೂಲೆ, ಪೈಪಿನ ಬಾಯಿಯ ಸುತ್ತ, ಮತ್ತು ಸೋಲಾರ್ ಸ್ಟ್ಯಾಂಡಿನ ಕಾಲು ಕೊರೆದು ಕೂರಿಸಿದ ಜಾಗ. ಇಡೀ ತಾರಸಿಗೆ ಕೋಟಿಂಗ್ ಹೊಡೆಸಿ ಈ ಮೂರನ್ನು ಬಿಟ್ಟರೆ ಮತ್ತೆ ಸೋರುವುದು ಖಂಡಿತ.

ಬಿರುಕನ್ನು ಉಳಿಯಿಂದ ಅಗಲ ಮಾಡಿ ತುಂಬಬೇಕು. ಮೂಲೆಗಳಿಗೆ ಫೈಬರ್ ಜಾಲರಿ ಹಾಕಬೇಕು. ಕೋಟಿಂಗ್ ಎರಡು ಸಲ, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಮಧ್ಯೆ ಎಷ್ಟು ಗಂಟೆ ಬಿಡಬೇಕು, ನೀರು ಹೊಡೆಯಬೇಕೋ ಬೇಡವೋ ಎಲ್ಲ ಡಬ್ಬದ ಮೇಲೆ ಬರೆದಿರುತ್ತದೆ. ಯಾರೂ ಓದುವುದಿಲ್ಲ, ನೀವು ಓದಿ.

ದುಡ್ಡಿನ ಮಾತು ಮೊದಲೇ ಆಗಲಿ.

"ಸಾರ್, ಅರ್ಧ ದುಡ್ಡು ಈಗ್ಲೇ ಕೊಟ್ಬಿಡಿ, ಸೋಮವಾರ ಆಳು ಕರ್ಕೊಂಡು ಬಂದ್ಬಿಡ್ತೀನಿ."

"ಸಾಮಾನಿನ ದುಡ್ಡು ಅಂಗಡಿಗೆ ನಾನೇ ಕೊಡ್ತೀನಿ ಮೇಸ್ತ್ರಿ. ಕೂಲಿ ಆಯಾ ದಿನ ಸಂಜೆ ತಗೊಳ್ಳಿ. ಕೊನೇ ಕಂತು ಮಾತ್ರ ನೀರು ನಿಲ್ಲಿಸಿ ನೋಡಿದ ಮೇಲೆ."

ಒಳ್ಳೆ ಮೇಸ್ತ್ರಿ ಇದಕ್ಕೆ ಒಪ್ಪುತ್ತಾರೆ. ಒಪ್ಪದಿದ್ದರೆ ಬೇರೆಯವರನ್ನು ನೋಡಿ. ಮತ್ತೆ ಅದೇ ನೀರಿನ ಪರೀಕ್ಷೆ ಮಾಡಿ, ಪೆನ್ಸಿಲ್ ಗೆರೆಯ ಒಳಗೆ ಒಣಗಿದ್ದರೆ ಬಾಕಿ ಕೊಡಿ.

ಬಣ್ಣ ಮಳೆಗಾಲ ಮುಗಿದ ಮೇಲೆ. ಎಲ್ಲರೂ ದಸರಾಕ್ಕೆ ಮುಂಚೆ ಹೊಡೆಸಲು ಓಡುತ್ತಾರೆ, ಪೇಂಟರ್ ಕೂಲಿಯೂ ಆಗ ಏರಿರುತ್ತದೆ. ನವೆಂಬರ್-ಡಿಸೆಂಬರ್‌ನಲ್ಲಿ ಗೋಡೆ ಚೆನ್ನಾಗಿ ಒಣಗಿರುತ್ತದೆ, ಪೇಂಟರ್ ಕೂಡ ಬಿಡುವಾಗಿರುತ್ತಾರೆ. ಬಣ್ಣ ಎಷ್ಟು ಬೇಕು ಅಂತ ನೀವೇ ಲೆಕ್ಕ ಹಾಕಿ. 10x12 ಅಡಿಯ ರೂಮು, 10 ಅಡಿ ಎತ್ತರ: ಗೋಡೆ 440 ಚದರಡಿ. ಬಾಗಿಲು-ಕಿಟಕಿಗೆ 60 ಕಳೆದು ಸೀಲಿಂಗ್‌ನ 120 ಕೂಡಿಸಿದರೆ 500. ಎರಡು ಸಲ ಹೊಡೆಯಲು ಲೀಟರಿಗೆ 120 ಚದರಡಿ ಅಂತ ಡಬ್ಬದ ಮೇಲಿದ್ದರೆ ನಾಲ್ಕು ಲೀಟರಿಗಿಂತ ಸ್ವಲ್ಪ ಜಾಸ್ತಿ ಸಾಕು. ಹತ್ತು ಲೀಟರ್ ಬೇಕು ಅಂದರೆ ಯಾಕೆ ಅಂತ ಕೇಳಬಹುದು.

ಈಗ ಅಡುಗೆಮನೆ ಹೊಸದು ಮಾಡಿಸುವ ದೊಡ್ಡ ಆಸೆಗೆ ಬರೋಣ. 3 ಲಕ್ಷ ಅಂದುಕೊಳ್ಳಿ. ಇವತ್ತೇ ಬೇಕು ಅಂತ ಶೇ 13ರ ಪರ್ಸನಲ್ ಲೋನ್ ತೆಗೆದರೆ ಮೂರು ವರ್ಷ ತಿಂಗಳಿಗೆ 10,100ರಷ್ಟು ಇಎಂಐ. ಬಡ್ಡಿಯೇ ಸುಮಾರು 64,000. ಅದೇ ಮೂರು ವರ್ಷ ಶೇ 6.5ರ ಆರ್‌ಡಿ ಕಟ್ಟಿದರೆ ತಿಂಗಳಿಗೆ ಸುಮಾರು 7,500 ಸಾಕು. ಆ 7,500 ಎಲ್ಲಿಂದ? ಎಸ್‌ಐಪಿಯಿಂದ ತೆಗೆಯಬೇಡಿ. ಬೋನಸ್ ಬಂದಾಗ ಒಂದು ಪಾಲು, ಕೈಖರ್ಚಿನಲ್ಲಿ ಇಬ್ಬರೂ ಒಪ್ಪಿ ಬಿಡುವ ಪಾಲು, ಉಳಿದದ್ದು ಸಂಬಳ ಏರಿದಾಗ. ಅಷ್ಟಕ್ಕೂ ಆಗದಿದ್ದರೆ ಕೆಲಸವನ್ನೇ ಒಡೆಯಿರಿ. ಈ ವರ್ಷ ಗ್ರಾನೈಟ್ ಕಟ್ಟೆ, ಸಿಂಕ್, ನಲ್ಲಿ ಪೈಪು. ಮುಂದಿನ ವರ್ಷ ಕೆಳಗಿನ ಕಪಾಟು. ಮೇಲಿನ ಕಪಾಟು ಆಮೇಲೆ. ಕಟ್ಟೆಯ ಎತ್ತರವನ್ನು ಜಾಸ್ತಿ ಅಡುಗೆ ಮಾಡುವವರು ನಿಂತು ಅಳೆಯಬೇಕು. ಬೀರುಗೆ ಪ್ಲೈವುಡ್ ತರುವಾಗ ಸಿಂಕ್ ಕೆಳಗಾದರೂ 'ಐಎಸ್ 710' ಮುದ್ರೆಯ ನೀರು ತಡೆಯುವ ಪ್ಲೈ ಇರಲಿ, ಸಾಮಾನ್ಯ ಪ್ಲೈ ಅಲ್ಲಿ ಊದಿಕೊಳ್ಳುತ್ತದೆ. ಕಪಾಟಿನ ತಟ್ಟೆಗೆ ಹಳೇ ಕಡಪ ಕಲ್ಲೇ ಇದ್ದರೆ ಕೀಳಿಸಬೇಡಿ. ಬಾಗಿಲು ಮಾತ್ರ ಹೊಸದು ಮಾಡಿಸಿ, ಗೆದ್ದಲಿನ ಭಯವೂ ಇಲ್ಲ.

ವರ್ಷಗಟ್ಟಲೆ ಬೆಳೆದ ಫಂಡನ್ನೇ ಮಾರಿ ಮನೆ ಕೆಲಸ ಮಾಡಿಸುವವರಿಗೂ ಕ್ಯಾಲೆಂಡರ್ ಉಪಯೋಗಕ್ಕೆ ಬರುತ್ತದೆ. ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟ ಈಕ್ವಿಟಿ (ಷೇರಿನ) ಫಂಡಿನ ಲಾಭದಲ್ಲಿ ಒಂದು ಹಣಕಾಸು ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ 12.5. ಈ ದರ 2024ರ ಜುಲೈ 23ರಿಂದ ಬಂದದ್ದು. ನಿಮ್ಮ ಲಾಭ 2.2 ಲಕ್ಷ ಇದ್ದರೆ ಒಟ್ಟಿಗೆ ಮಾರಿದಾಗ 11,875 ರೂಪಾಯಿ ತೆರಿಗೆ, ಮೇಲೆ ಸೆಸ್. ಅರ್ಧ ಮಾರ್ಚ್‌ನಲ್ಲಿ, ಅರ್ಧ ಏಪ್ರಿಲ್‌ನಲ್ಲಿ ಮಾರಿದರೆ, ಬೇರೆ ಷೇರು-ಫಂಡಿನ ಲಾಭ ಇಲ್ಲದಿದ್ದರೆ, ಸೊನ್ನೆ. ತಾರಸಿ ಕೆಲಸದ ಕಾಲವೂ ಅದೇ ಆಗಿರುವುದು ಒಳ್ಳೇದೇ ಆಯ್ತು.

ಹಂತ 6: ತಿಂಗಳಿಗೆ ಒಂದು ಭಾನುವಾರ

ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ. ಅಷ್ಟೊತ್ತಿಗೆ ಎಸ್‌ಐಪಿ ಹೋಗಿರುತ್ತದೆ. ದೋಸೆ ಹಿಟ್ಟು ಗ್ರೈಂಡರ್‌ನಲ್ಲಿ ತಿರುಗುತ್ತಿರುವಾಗ ಇಬ್ಬರೂ ಕೂತು ಮೂರು ವಿಷಯ ನೋಡಿ: ದುಡ್ಡು ಮೂರೂ ಕಡೆ ಹೋಗಿದೆಯಾ, ಮುಂದಿನ ಎರಡು ತಿಂಗಳಲ್ಲಿ ಕ್ಯಾಲೆಂಡರ್‌ನಲ್ಲಿ ಏನಿದೆ, ಮನೆಯಲ್ಲಿ ಏನು ಕೆಟ್ಟಿದೆ. ಫಂಡಿನ ಬೆಲೆ ನೋಡುವುದು ಬೇಡ. ನೋಡಿ ಮಾಡುವುದೇನೂ ಇಲ್ಲ. ಸಂಜೆ ಒಂದು ಸಣ್ಣ ರಿಪೇರಿ ಮುಗಿಸಿ: ತೊಟ್ಟಿಕ್ಕುವ ನಲ್ಲಿಯ ವಾಷರ್, ಕುಕ್ಕರ್‌ನ ಗ್ಯಾಸ್ಕೆಟ್, ಓವರ್‌ಹೆಡ್ ಟ್ಯಾಂಕಿನ ಬಾಲ್‌ವಾಲ್ವ್. ಮಕ್ಕಳ ಕೈಗೆ ಸ್ಕ್ರೂಡ್ರೈವರ್ ಕೊಡಿ. ಕರೆಂಟಿನ ಕೆಲಸ ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಹಂತ 7: ಮಾರ್ಚ್ ಲೆಕ್ಕ

ಮಾರ್ಚ್ ಕೊನೆಗೆ ವರ್ಷದ ಖರ್ಚಿನ ಅಕೌಂಟ್ ತೆಗೆದು ನೋಡಿ. ಏಪ್ರಿಲ್-ಮೇ-ಜೂನ್‌ಗೆ ಬೇಕಾದ್ದನ್ನು ಬಿಟ್ಟು ಮಿಕ್ಕಿದ್ದರೆ ಅರ್ಧ ಅಲ್ಲೇ ಇರಲಿ, ಅರ್ಧವನ್ನು ಏಪ್ರಿಲ್ 5ರೊಳಗೆ ಪಿಪಿಎಫ್‌ಗೆ ಹಾಕಿ. ಕಮ್ಮಿ ಬಿದ್ದಿದ್ದರೆ 19,200ನ್ನು ಏರಿಸಿ, ಬರುವ ವರ್ಷದ ಹಬ್ಬಕ್ಕೆ ಕತ್ತರಿ ಹಾಕುವ ಪ್ರತಿಜ್ಞೆ ಮಾಡಬೇಡಿ. ಯಾರೂ ಪಾಲಿಸುವುದಿಲ್ಲ. ಸಂಬಳ ಏರಿದ್ದರೆ ಏರಿದ್ದರಲ್ಲಿ ಅರ್ಧ ಎಸ್‌ಐಪಿಗೆ.

ಅದೇ ದಿನ ಪ್ರತಿ ಬ್ಯಾಂಕ್ ಖಾತೆ, ಪಿಪಿಎಫ್, ಫಂಡು, ವಿಮೆಯಲ್ಲಿ ನಾಮಿನಿ ಹೆಸರು ಇದೆಯಾ ನೋಡಿ. ಮದುವೆಗೆ ಮುಂಚೆ ತೆರೆದ ಖಾತೆಗಳಲ್ಲಿ ಅಪ್ಪನ ಹೆಸರೇ ಉಳಿದಿರುತ್ತದೆ. ಒಂದು ನೋಟ್‌ಬುಕ್‌ನಲ್ಲಿ ಯಾವ ಖಾತೆ ಎಲ್ಲಿದೆ, ಯಾವ ಫೋನ್ ನಂಬರಿಗೆ ಜೋಡಿಸಿದೆ, ಕಾಗದಪತ್ರ ಯಾವ ಬೀರುವಿನಲ್ಲಿದೆ ಅಂತ ಬರೆದು ಇಬ್ಬರಿಗೂ ಗೊತ್ತಿರುವ ಕಡೆ ಇಡಿ. ಪಾಸ್‌ವರ್ಡ್, ಪಿನ್ ಅದರಲ್ಲಿ ಬೇಡ. ತಾರಸಿಗೆ ಯಾವ ವರ್ಷ ಯಾವ ಕೋಟಿಂಗ್ ಹೊಡೆಸಿದ್ದು, ಮೇಸ್ತ್ರಿ ನಂಬರ್ ಯಾವುದು, ಹಾಲ್‌ಗೆ ಹೊಡೆದ ಬಣ್ಣದ ಕೋಡ್ ಏನು ಅನ್ನುವುದನ್ನೂ ಅದೇ ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ಬರೆದಿಡಿ.